ರೋಗಿಯ ಮಾತು ಯಾರ ಬಾಯಲ್ಲಿ?

ಮುಂಬಯಿಯಲ್ಲಿ ಇಪ್ಪತ್ತು ಮೂವತ್ತು ವರ್ಷಗಳನ್ನು ಕಳೆದ ಕನ್ನಡಿಗರು ಅಂಗಡಿ, ಕಚೇರಿ, ಲೋಕಲ್ ಗಾಡಿಗಳಲ್ಲಿ ಮರಾಠಿ ಹಿಂದಿಗಳಿಂದಲೇ ಸಲೀಸಾಗಿ ವ್ಯವಹರಿಸುತ್ತಾರೆ. ಆದರೆ ದೇಹದೊಳಗಿನ ನೋವನ್ನು ಬಣ್ಣಿಸುವ ಪ್ರಸಂಗ ಬಂದಾಗ ನಾಲಗೆಯು ತಾನಾಗಿ ಹುಟ್ಟುನುಡಿಗೆ ಹಿಂತಿರುಗುತ್ತದೆ. ನಮ್ಮ ನಮ್ಮ ಬಡಾವಣೆಯ ಕುಟುಂಬ ವೈದ್ಯರ ದವಾಖಾನೆಗಳಲ್ಲಿ ಇದು ದಿನಂಪ್ರತಿ ಕಾಣಸಿಗುವ ಸಂಗತಿ. ಊರಿನ ಮನೆಗೆ ಬೀಗ ಹಾಕಿ ಇಳಿವಯಸ್ಸಿನಲ್ಲಿ ಮಕ್ಕಳ ಬಳಿಗೆ ಬಂದಿರುವ ತಂದೆತಾಯಂದಿರಿಗಂತೂ ಕನ್ನಡವಲ್ಲದೆ ಬೇರೆ ಗತಿಯಿಲ್ಲ. ಅವರ ಮಾತನ್ನು ವೈದ್ಯರಿಗೆ ಮುಟ್ಟಿಸುವವರು ಮಗ, ಸೊಸೆ, ಕೆಲವೊಮ್ಮೆ ಶಾಲೆಗೆ ಹೋಗುವ ಮೊಮ್ಮಗ. ಈ ಮನೆಯ ದುಭಾಷಿಗಳು ಪ್ರೀತಿಯಿಂದಲೇ, ಅವಸರದಿಂದಲೂ, ರೋಗಿಯ ಮಾತನ್ನು ಮೊಟಕುಗೊಳಿಸುತ್ತಿದ್ದಾರೆ ಮತ್ತು ಅದರಿಂದ ಹಾನಿಯಾಗುತ್ತಿದೆ ಎಂಬುದು ನನ್ನ ದೂರು.

ವೈದ್ಯರ ಕಷ್ಟವೂ ನಮಗೆ ತಿಳಿಯದ್ದೇನಲ್ಲ. ಸಂಜೆಯ ಮೂರು ತಾಸುಗಳಲ್ಲಿ ನಲವತ್ತು ಐವತ್ತು ಜನರನ್ನು ನೋಡಿ ಕಳಿಸಬೇಕು. 67 ದೇಶಗಳ ಮಾಹಿತಿಯನ್ನು ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ರೋಗಿಯೊಬ್ಬನಿಗೆ ವೈದ್ಯರಿಂದ ದೊರೆಯುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಗಳಿಗೂ ಮೀರಿದ್ದು, ಬಾಂಗ್ಲಾದೇಶದಲ್ಲಿ ಕೇವಲ 48 ಸೆಕೆಂಡು. ನಮ್ಮ ದೇಶದ್ದು ಎರಡು ನಿಮಿಷಗಳ ಆಸುಪಾಸು. ಈ ಎರಡು ನಿಮಿಷಗಳಲ್ಲಿ ನಾಡಿ ನೋಡುವುದು, ಚೀಟಿ ಬರೆಯುವುದು, ಹಣ ತೆಗೆದುಕೊಳ್ಳುವುದು ಎಲ್ಲವೂ ಅಡಕವಾಗಿರಬೇಕಷ್ಟೆ. ಹಾಗಿದ್ದಮೇಲೆ ಮಾತಿಗೆ ಉಳಿಯುವುದೆಷ್ಟು?

ಮಾತಿಗೇಕೆ ಇಷ್ಟು ಮಹತ್ವ, ಈಗ ರಕ್ತಪರೀಕ್ಷೆಯುಂಟು, ಸ್ಕ್ಯಾನ್ ಉಂಟು ಎಂದು ವಾಚಕರು ಕೇಳಬಹುದು. 1975ರಲ್ಲಿ ಬ್ರಿಟನ್ನಿನ ವೈದ್ಯರು ಆಸ್ಪತ್ರೆಯ ಹೊರರೋಗಿಗಳಾಗಿ ಹೊಸದಾಗಿ ಬಂದ 80 ಮಂದಿಯನ್ನು ಈ ದೃಷ್ಟಿಯಿಂದಲೇ ಪರಿಶೀಲಿಸಿದರು. ಅವರಲ್ಲಿ 66 ಮಂದಿಯ ರೋಗವು ಕುಟುಂಬ ವೈದ್ಯರ ಪತ್ರ ಮತ್ತು ರೋಗಿಯು ಹೇಳಿದ ವೃತ್ತಾಂತ ಇವೆರಡರಿಂದಲೇ ಸರಿಯಾಗಿ ಗೊತ್ತಾಗಿತ್ತು. ಮೈ ಮುಟ್ಟಿ ನೋಡಿದ್ದು, ಪ್ರಯೋಗಶಾಲೆಗೆ ಕಳಿಸಿದ್ದು ಉಳಿದ ಕೆಲವರ ವಿಷಯದಲ್ಲಿ ಮಾತ್ರ ನಿರ್ಣಾಯಕವಾಯಿತು. ಬಳಿಕ ಬಂದ ಯಂತ್ರಗಳು ಎಷ್ಟೇ ಚತುರವಾಗಿರಲಿ, ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ಈಗಲೂ ತೀರ್ಮಾನಿಸುವುದು ರೋಗಿ ಹೇಳುವ ಮಾತೇ.

ನಮ್ಮ ಕಟ್ಟಡದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಗದಗಿನ ಕಡೆಯಿಂದ ಮಗನ ಮನೆಗೆ ಬಂದಿದ್ದ ವೃದ್ಧೆಯೊಬ್ಬರನ್ನು ಹತ್ತಿರದ ದವಾಖಾನೆಗೆ ಕರೆದೊಯ್ದರು. "ಎದ್ದ ಕೂಡ್ಲೆ ಕಣ್ಣಿಗೆ ಕತ್ತಲಿ ಕವಿತೈತಿ, ಕಾಲಾಗ ಬಲಾ ಇಲ್ಲದಂಗ ಆಗತೈತಿ" ಎಂದು ಅವರು ಆರಂಭಿಸಿದರು. ಮಗ ತಾಯಿಯ ಮಾತು ಮುಗಿಯಗೊಡದೆ, "ಡಾಕ್ಟರ್‌ಸಾಬ್, ಚಕ್ಕರ್ ಆತಾ ಹೈ" ಎಂದರು. ಮೂರು ಶಬ್ದಗಳಲ್ಲಿ ಕೆಲಸ ಮುಗಿಯಿತು. ತಲೆತಿರುಗುವಿಕೆಗೆ ಕೊಡುವ ಮಾತ್ರೆ ಬಂತು. ತಿಂಗಳೊಪ್ಪತ್ತು ನುಂಗಿದರೂ ಗುಣ ಕಾಣಲಿಲ್ಲ. ಸ್ನಾನದ ಮನೆಯಲ್ಲಿ ಒಮ್ಮೆ ಬಿದ್ದುದೂ ಆಯಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಅನಂತರ ಅವರನ್ನು ನೋಡಿದವರು ಸೊಲ್ಲಾಪುರದಲ್ಲಿ ಬೆಳೆದ ಮರಾಠಿ ವೈದ್ಯರು. ಆ ಊರಿನವರಿಗೆ ಕನ್ನಡ ಹೊಸತಲ್ಲ. "ಮಲಕೊಂಡಾಗೂ ತಿರಗತೈತೇನ್ರಿ ಅವ್ವಾರ, ಎದ್ದ ನಿಂತಾಗ ಅಷ್ಟೇನು?" ಎಂದು ಕೇಳಿದರು. "ತಿರಗೂದಿಲ್ರಿ, ಕತ್ತಲಿ ಬರತೈತ್ರಿ" ಎಂದು ಮುದುಕಿ ಹೇಳಿದ್ದೇ ತಡ, ಅವರನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದ ಒತ್ತಡವನ್ನು ಅಳೆದರು. ನಿಂತ ಮೂರು ನಿಮಿಷಗಳೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದು ಗಮನಿಸಬೇಕಾದ ದೋಷ. ಇವರದು ಅದಕ್ಕೂ ಮಿಗಿಲಾಗಿ ಇಳಿದಿತ್ತು. ಒತ್ತಡಕ್ಕೆಂದು ಊರಿನಲ್ಲಿ ಕೊಟ್ಟಿದ್ದ ಮಾತ್ರೆಗಳೇ ಹೆಚ್ಚಾಗಿದ್ದವು. ಪ್ರಮಾಣವನ್ನು ಇಳಿಸಿದ ಮೇಲೆ ಅವರು ಸರಾಗವಾಗಿ ಓಡಾಡತೊಡಗಿದರು. (ಇದನ್ನೋದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸತಕ್ಕದ್ದಲ್ಲ.)

ತಲೆ ತಿರುಗುವುದು ಬೇರೆ, ಕಣ್ಣು ಕತ್ತಲಿಡುವುದು ಬೇರೆ. ಮನೆಯೇ ಗಿರ್ರನೆ ಸುತ್ತಿದಂತೆ ಕಂಡರೆ ವೈದ್ಯರು ಕಿವಿಯೊಳಗಣ ದೋಷವನ್ನು ಶಂಕಿಸುತ್ತಾರೆ. ಎದ್ದಾಗ ಕಣ್ಣು ಮಂಜಾದರೆ ರಕ್ತದ ಒತ್ತಡ, ಹೃದಯ, ರಕ್ತಹೀನತೆಗಳ ಕಡೆಗೆ ನೋಡುತ್ತಾರೆ. ಅನಕ್ಷರಸ್ಥೆಯಾದ ತಾಯಿ ತನ್ನ ಭಾಷೆಯಲ್ಲಿ ಈ ಭೇದವನ್ನು ನಿಖರವಾಗಿ ಮಾಡಿದ್ದಳು. ಪದವೀಧರನಾದ ಮಗನ "ಚಕ್ಕರ್" ಎರಡನ್ನೂ ಒಂದೇ ಚೀಲದಲ್ಲಿ ತುಂಬಿತು.

ಇಂತಹ ಚೀಲಗಳು ನಮ್ಮಲ್ಲಿ ಇನ್ನೂ ಇವೆ. ಎಲ್ಲಕ್ಕೂ ದೊಡ್ಡದೆಂದರೆ "ಗ್ಯಾಸ್". ಎದೆ ಹಿಂಡಿದಂತಾಗುವುದು, ಹೊಟ್ಟೆ ತೊಳಸುವುದು, ಎದೆಯುರಿ, ಸಂಕಟ, ಹುಳಿತೇಗು ಎಲ್ಲವೂ ದವಾಖಾನೆಯ ಬಾಗಿಲು ದಾಟುವಷ್ಟರಲ್ಲಿ ಗ್ಯಾಸ್ ಆಗಿಬಿಡುತ್ತವೆ. ಸಕ್ಕರೆ ಕಾಯಿಲೆಯುಳ್ಳವರಿಗೆ ಹೃದಯಾಘಾತವು ತೀವ್ರವಾದ ನೋವಿಲ್ಲದೆ, ಬರಿಯ ಸಂಕಟ, ಬೆವರು, ಏದುಸಿರುಗಳ ರೂಪದಲ್ಲಿ ಬರುವುದುಂಟು. "ಯಾಕೋ ಸಂಕಟ ಆಗ್ತಾ ಇದೆ, ಮೈಯೆಲ್ಲ ಬೆವರು" ಎಂದ ತಂದೆಯ ಮಾತನ್ನು ಗ್ಯಾಸ್ ಎಂದು ಭಾಷಾಂತರಿಸುವವನು ಎಷ್ಟು ದೊಡ್ಡ ಹೊಣೆಯನ್ನು ಹೊರುತ್ತಾನೆಂಬುದನ್ನು ಯೋಚಿಸಬೇಕು. ಹಿಂದಿಯಲ್ಲಿ ಸಂಕಟವೆಂದರೆ ಆಪತ್ತು. ಇಂತಹ ಸಮಯದಲ್ಲಿ ಆ ತಪ್ಪು ಅರ್ಥವೇ ಹೆಚ್ಚು ಸರಿಯೇನೋ! ಹಾಗೆಯೇ ಪಾದದಲ್ಲಿ ಜೋಮು, ಮರಗಟ್ಟುವಿಕೆ, ಉರಿ ಎಂಬ ಮೂರನ್ನೂ "ಪೈರ್ ಮೇ ದರ್ದ್" ಎಂದು ಮುಗಿಸುತ್ತಾರೆ. ಜೋಮಿಗೆ ಮರಾಠಿಯಲ್ಲಿ ಇರುವೆ ಹರಿದಾಡಿದಂತೆ ಎಂಬರ್ಥದ "ಮುಂಗ್ಯಾ ಯೇಣೆ" ಎಂಬ ಸೊಗಸಾದ ಮಾತೇ ಇದೆ, ಕಲಿತುಕೊಂಡರೆ ನಷ್ಟವೇನು?

ಇವೆಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ಒಂದಿದೆ. ಮಗನ ಎದುರಿಗೆ ತಾಯಿ ಹೇಳಲಾರದ ಮಾತುಗಳಿರುತ್ತವೆ. ಕೆಮ್ಮಿದರೆ ಮೂತ್ರ ಹನಿಯುವುದನ್ನು, ಬಿಳುಪು ಹೋಗುವುದನ್ನು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡುದನ್ನು ಯಾವ ತಾಯಿ ಮಗನ ಬಾಯಿಂದ ಹೇಳಿಸಿಯಾಳು? ಕೊನೆಯದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಒಮ್ಮೆಯೇ ಕಂಡಿದ್ದರೂ, ಅಲ್ಪವಾಗಿದ್ದರೂ ತಡಮಾಡದೆ ತೋರಿಸಲೇಬೇಕಾದ ಲಕ್ಷಣವದು. "ಮತ್ತೇನಾದರೂ ತೊಂದರೆ ಇದೆಯೇ?" ಎಂದು ವೈದ್ಯರು ಕೇಳಿದಾಗ ತಾಯಿ ಸೆರಗು ಸರಿಪಡಿಸಿಕೊಂಡು "ಏನಿಲ್ಲ" ಎನ್ನುತ್ತಾಳೆ, ಮಗನೂ ನೆಮ್ಮದಿಯಿಂದ "ಕುಛ್ ನಹೀಂ" ಎನ್ನುತ್ತಾನೆ. ಇಲ್ಲಿ ಭಾಷಾಂತರವೇನೋ ಅಕ್ಷರಶಃ ಸರಿಯಾಗಿಯೇ ಇದೆ. ಸೊಸೆಯೋ ಮಗಳೋ ನೆರೆಮನೆಯ ಕನ್ನಡದ ಹೆಂಗಸೋ ಜೊತೆಗೆ ಹೋಗಿ, ಮಗ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು ಲೇಸು.

ರಜೆ ಹಾಕಿ ಬಂದ ಮಗನಿಗೆ ಅವಸರವಿರುವುದು ಸಹಜ. ತಾಯಿಯ ಕಥೆ ಊರಿನ ಹೊಲದಿಂದ ಆರಂಭವಾಗಿ ದವಾಖಾನೆಗೆ ಬಂದು ಸೇರಲು ಸಮಯ ಹಿಡಿಯುವುದೂ ನಿಜವೇ. ಆದುದರಿಂದ ಆ ಕಥೆಯನ್ನು ಹಿಂದಿನ ರಾತ್ರಿ ಮನೆಯಲ್ಲಿಯೇ ಕೇಳಬೇಕು. ಅವರ ಶಬ್ದದಲ್ಲಿಯೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು: ಯಾವಾಗ ಶುರುವಾಯಿತು, ಏನು ಮಾಡಿದರೆ ಹೆಚ್ಚುತ್ತದೆ, ಏನು ಮಾಡಿದರೆ ಕಡಿಮೆಯಾಗುತ್ತದೆ. ಊರಿನಿಂದ ತಂದ ಮಾತ್ರೆಗಳನ್ನು ಪಟ್ಟಿ ಸಮೇತ ಕೊಂಡೊಯ್ಯಬೇಕು. ಹಳೆಯ ಚೀಟಿಗಳನ್ನು ಕಡತದಲ್ಲಿಟ್ಟುಕೊಳ್ಳುವ ಭಾರವೂ ನಮ್ಮದೇ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ತಾಸುಗಳಲ್ಲಿ ಕೊಡಬೇಕು ಎಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವೇನೋ ಇದೆ; ಸಣ್ಣ ದವಾಖಾನೆಗೆ ಬಂದುಹೋಗುವ ರೋಗಿಯ ಚೀಟಿಗೆ ಆ ರಕ್ಷಣೆ ಇಲ್ಲ.

ಒಬ್ಬರೇ ವೈದ್ಯರಲ್ಲಿ ನಿಲ್ಲುವುದೂ ಮುಖ್ಯ. ಹಲವು ದೇಶಗಳ 22 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಅವುಗಳಲ್ಲಿ 18ರಲ್ಲಿ ಅದೇ ವೈದ್ಯರನ್ನು ಮತ್ತೆ ಮತ್ತೆ ಕಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಾಗಿ ಕಂಡುಬಂದಿತು. ಕನ್ನಡ ಬಾರದ ವೈದ್ಯರೂ ನಾಲ್ಕಾರು ಭೇಟಿಗಳಾದ ಮೇಲೆ ಅಜ್ಜಿಯ ಮುಖಚರ್ಯೆಯನ್ನಾದರೂ ಓದಬಲ್ಲವರಾಗುತ್ತಾರೆ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ತಪಾಸಣೆಯ ಶಿಬಿರಗಳನ್ನು ಏರ್ಪಡಿಸುತ್ತವೆ. ಅದರ ಜೊತೆಗೆ ಒಂದು ರವಿವಾರದ ಮಧ್ಯಾಹ್ನ ಧಾರವಾಡ, ಮಂಗಳೂರು, ಮೈಸೂರು ಕಡೆಯ ಹಿರಿಯರನ್ನೂ ಸದಸ್ಯರಾಗಿರುವ ವೈದ್ಯರನ್ನೂ ಒಂದೆಡೆ ಕೂಡಿಸಿ, ನೋವಿನ ಶಬ್ದಗಳ ಪಟ್ಟಿಯೊಂದನ್ನು ಕನ್ನಡ, ಮರಾಠಿ, ಹಿಂದಿಗಳಲ್ಲಿ ಸಿದ್ಧಪಡಿಸಿದರೆ ಎರಡು ಪುಟಗಳ ಖರ್ಚಿನಲ್ಲಿ ಬಡಾವಣೆಯ ಪ್ರತಿ ದವಾಖಾನೆಗೂ ಹಂಚಬಹುದು. ಒಬ್ಬರು ಉಬ್ಬಸವೆಂದುದನ್ನು ಇನ್ನೊಬ್ಬರು ದಮ್ಮು ಎಂದಾರು, ಚರ್ಚೆ ಸಂಜೆಯವರೆಗೂ ಬೆಳೆದೀತು. ಚಹಾದ ವ್ಯವಸ್ಥೆಯನ್ನು ಕಾರ್ಯಕಾರಿ ಸಮಿತಿ ನೋಡಿಕೊಳ್ಳಲಿ.