ಕೀಟಾಹಾರ ಮತ್ತು ನಮ್ಮ ತಟ್ಟೆ

ಕೀಟಗಳನ್ನು ಸಾಕಿ, ಒಣಗಿಸಿ, ಹಿಟ್ಟು ಮಾಡಿ ಆಹಾರವಾಗಿ ಮಾರುವ ಉದ್ಯಮವು ಜಗತ್ತಿನ ಅನೇಕ ಕಡೆ ಬೆಳೆಯುತ್ತಿದೆ. ಈ ಸುದ್ದಿಯನ್ನು ಓದಿದ ಸದ್ಭಕ್ತರಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಇದು ನಿಜವಾಗಿಯೂ ಆರೋಗ್ಯಕರವೇ? ನಮಗೆ ಅರಿವಿಲ್ಲದೆಯೇ ಇದು ನಮ್ಮ ಅಡುಗೆಮನೆಯನ್ನು ಸೇರೀತೇ? ಈ ಎರಡಕ್ಕೂ ಸಮಾಧಾನಚಿತ್ತದಿಂದ ಉತ್ತರ ಹುಡುಕುವುದು ಒಳಿತು.

ಕೀಟಾಹಾರವು ನಮ್ಮ ನಾಡಿಗೆ ಹೊಸದೇನಲ್ಲ. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಚಿಗಳಿ ಇರುವೆಯ ಚಟ್ನಿ ಮಲೆನಾಡಿನಲ್ಲಿ ಹಿಂದಿನಿಂದಲೂ ಉಂಟು. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದೇಳುವ ಈಸಲು ಹುಳುಗಳನ್ನು ಹುರಿದು ತಿನ್ನುವವರು ಬಯಲುಸೀಮೆಯ ಹಳ್ಳಿಗಳಲ್ಲಿದ್ದಾರೆ. ಒಡಿಶಾದ ಸಿಮಿಲಿಪಾಲ್ ಸೀಮೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ವರದಿಯು, ಮನುಷ್ಯರು ತಿನ್ನುವ ಕೀಟಗಳಲ್ಲಿ 1900ಕ್ಕೂ ಹೆಚ್ಚು ಜಾತಿಗಳಿವೆ ಎಂದು ತಿಳಿಸಿತು. ಐರೋಪ್ಯ ಒಕ್ಕೂಟವು 2021ರಲ್ಲಿ ಒಂದು ಬಗೆಯ ಹಿಟ್ಟಿನ ಹುಳುವಿಗೂ, ಸಿಂಗಾಪುರವು 2024ರಲ್ಲಿ 16 ಜಾತಿಯ ಕೀಟಗಳಿಗೂ ಆಹಾರವಾಗಿ ಅನುಮತಿ ನೀಡಿದವು.

ವಿಜ್ಞಾನದ ಮಾತನ್ನು ಮರೆಮಾಚಬೇಕಿಲ್ಲ. ಒಣಗಿಸಿದ ಕೀಟಗಳಲ್ಲಿ ಪ್ರೋಟೀನು ಹೇರಳವಾಗಿದೆ. ಕಬ್ಬಿಣ, ಸತುಗಳೂ ಇವೆ. ಒಂದು ಕಿಲೋ ತೂಕ ಬೆಳೆಯಲು ಅವುಗಳಿಗೆ ಬೇಕಾಗುವ ಮೇವು ದೊಡ್ಡ ಪ್ರಾಣಿಗಳಿಗಿಂತ ಬಹಳ ಕಡಿಮೆ. ಆದರೆ ಸೀಗಡಿ, ಏಡಿಗಳು ಒಗ್ಗದವರಿಗೆ ಕೀಟಗಳೂ ಅಲರ್ಜಿ ತರಬಲ್ಲವು. ಕೀಟನಾಶಕ ಸಿಂಪಡಿಸಿದ ತೋಟದಿಂದ ಹಿಡಿದು ತಂದ ಹುಳುಗಳಲ್ಲಿ ವಿಷದ ಅಂಶ ಉಳಿದಿರುವ ಅಪಾಯವೂ ಇದೆ.

ಹಾಗಾದರೆ ನಮ್ಮ ನಿಲುವೇನು? ಸಕಲ ಜೀವಗಳಲ್ಲಿ ದಯೆಯನ್ನು ಕಾಣುವ ಶರಣ ಮಾರ್ಗದಲ್ಲಿ ನಡೆಯುವವರಿಗೆ ಇರುವೆಯೂ ಜೀವವೇ. ಆದ್ದರಿಂದ ಕೀಟಾಹಾರ ನಮಗೆ ಬೇಡ. ಆದರೆ ಇದು ನಮ್ಮ ಆಚಾರದ ನಿರ್ಧಾರ. ಅದನ್ನು ಸಮರ್ಥಿಸಲು ಕೀಟವೆಲ್ಲ ವಿಷವೆಂದು ಸುಳ್ಳು ಹೇಳುವ ಅಗತ್ಯವಿಲ್ಲ. ಕಾಡಿನಂಚಿನಲ್ಲಿ ಬಾಳುತ್ತ, ಹಸಿವಿಗೋ ರುಚಿಗೋ ಚಿಗಳಿ ಚಟ್ನಿ ತಿನ್ನುವ ನೆರೆಹೊರೆಯವರನ್ನು ಹೀನಾಯವಾಗಿ ಕಾಣುವ ಹಕ್ಕಂತೂ ಯಾರಿಗೂ ಇಲ್ಲ. ಇರುವೆಯ ಮೇಲಿನ ದಯೆ ಮನುಷ್ಯನ ಬಳಿಗೆ ಬಂದಾಗ ಬತ್ತಿಹೋದರೆ ಅದು ದಯೆಯೆನಿಸದು.

ಎರಡನೆಯ ಪ್ರಶ್ನೆಗೆ ಉತ್ತರ ಪೊಟ್ಟಣದ ಮೇಲೆಯೇ ಇದೆ. ನಮ್ಮ ದೇಶದಲ್ಲಿ ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಬೊಟ್ಟು, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ ಇರಬೇಕೆಂಬ ನಿಯಮವಿದೆ. ಜೇನುತುಪ್ಪ ಮತ್ತು ಅರಗಿನ ಹುಳುವಿನಿಂದ ಬರುವ ಅರಗನ್ನು ಈ ನಿಯಮವು ಮಾಂಸಾಹಾರವೆಂದು ಎಣಿಸುವುದಿಲ್ಲ. ಮಿಠಾಯಿ, ಮಾತ್ರೆಗಳ ಹೊಳಪಿಗೆ ಅರಗು ಬಳಕೆಯಾಗುತ್ತದೆ. ಹೊರದೇಶದ ತಿನಿಸುಗಳಲ್ಲಿ 120 ಎಂಬ ಸಂಖ್ಯೆ ಕಂಡರೆ, ಅದು ಪಾಪಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ತೆಗೆದ ಕೆಂಪು ಬಣ್ಣ. ವಿದೇಶದಲ್ಲಿರುವ ಮಕ್ಕಳಿಗೆ ಹಸಿರು ಬೊಟ್ಟಿನ ನೆರವು ಇಲ್ಲವಾದ್ದರಿಂದ ಅವರಿಗೆ ಈ ಸಂಗತಿಗಳನ್ನು ತಿಳಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಜಗತ್ತು ಕೀಟದ ಕಡೆ ನೋಡುತ್ತಿರುವುದು ಪ್ರೋಟೀನಿಗಾಗಿ. ಅದನ್ನು ಬೇಡವೆನ್ನುವ ನಾವು ನಮ್ಮ ತಟ್ಟೆಯಲ್ಲಿ ಏನನ್ನು ಇಟ್ಟುಕೊಂಡಿದ್ದೇವೆ? ಒಂದು ಗುಡ್ಡೆ ಅನ್ನ, ಅದರ ಮೇಲೆ ಬೇಳೆಯನ್ನು ಹುಡುಕಬೇಕಾದಷ್ಟು ತಿಳಿಯಾದ ಸಾರು! ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳಿಗೆ ಸ್ಥಾನವಿದೆ. ಎಷ್ಟು ಮನೆಗಳಲ್ಲಿ ಇದರ ಅರ್ಧವಾದರೂ ಬೇಯುತ್ತಿದೆ? ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಗರ್ಭಿಣಿಗೆ, ಬೆಳೆಯುವ ಹೆಣ್ಣುಮಗುವಿಗೆ ಸಿಗುವ ಪಾಲೆಷ್ಟು?

ಕಡೂರು, ಅಜ್ಜಂಪುರಗಳ ಬಯಲಿನ ಹೊಲಗಳಿಗೆ ಹುರುಳಿ, ಅವರೆ, ಕಡಲೆ, ಅಲಸಂದೆಗಳು ಹೊಸವಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಮೊಳಕೆ ಕಟ್ಟಿದರೆ ಅದು ಸುಲಭವಾಗಿ ಜೀರ್ಣವಾಗುತ್ತದೆ. ನಿಂಬೆರಸ ಸೇರಿಸಿದರೆ ಕಬ್ಬಿಣಾಂಶವೂ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ಕಾಳುಗಳಲ್ಲಿ ದೊರೆಯದ ಬಿ12 ಜೀವಸತ್ವಕ್ಕಾಗಿ ಹಾಲು, ಮೊಸರು, ಮಜ್ಜಿಗೆಗಳನ್ನು ತಪ್ಪಿಸಬಾರದು. ಸುಸ್ತು, ಕೈಕಾಲು ಜೋಮು ಕಾಡಿದರೆ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಬೇಕು.

ಈ ಬದಲಾವಣೆ ದಾಸೋಹದಿಂದಲೇ ಆರಂಭವಾಗಲಿ ಎಂಬುದು ನಮ್ಮ ವಿನಂತಿ. ಅಕ್ಕಿಯ ಮೂಟೆಯನ್ನು ಅರ್ಪಿಸುವ ಭಕ್ತರು ಜೊತೆಗೆ ನಾಲ್ಕು ಸೇರು ಕಾಳನ್ನೂ ತರಲಿ. ಪಂಕ್ತಿಯಲ್ಲಿ ಪ್ರತಿದಿನವೂ ಒಂದು ಸೌಟು ಉಸಳಿಯೋ ಕೋಸಂಬರಿಯೋ ಬೀಳಲಿ. ಮಠದಲ್ಲಿ ಉಂಡ ರೂಢಿ ಮನೆಗೆ ಹೋಗಲು ಬಹಳ ಕಾಲ ಬೇಕಾಗದು.