ಆಟದ ಮಣೆಯ ಮೇಲೆ ಮಗ್ಗಿ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯನ್ನು ಹೇಳುವಾಗ ಹಿರಿಯರ ಗಮನವೆಲ್ಲ ಬಗ್ಗಿಸುವುದರ ಕಡೆಗೇ ಇರುತ್ತದೆ. ಗಿಡದ ಕಡೆಗೆ ಇರುವುದು ಅಪೂರ್ವ. ಎಳೆಯ ಗಿಡ ಬಾಗುತ್ತದೆ, ನಿಜ. ಆದರೆ ಅವಸರದ ಕೈಗೆ ಸಿಕ್ಕಿದರೆ ಮುರಿಯುವುದೂ ಅದೇ ಗಿಡ.

ಸಂಜೆ ಶಾಲೆಯಿಂದ ಬಂದ ಏಳು ವರ್ಷದ ಮಗುವನ್ನು ತಿಂಡಿ ಮುಗಿಯುತ್ತಲೇ ಮಗ್ಗಿಗೆ ಕೂರಿಸಿ, 'ಏಳೆಂಟಲ ಎಷ್ಟು?' ಎಂದು ಕೇಳುವ ಮನೆಗಳು ನಗರಗಳಲ್ಲಿ ಕಡಿಮೆಯೇನಲ್ಲ. ಬೆತ್ತ ಹಿಡಿಯುವವರು ಈಗ ವಿರಳ. ಅದರ ಸ್ಥಾನದಲ್ಲಿ ಒಂದು ನಿಟ್ಟುಸಿರು, ಪಕ್ಕದ ಮನೆಯ ಹುಡುಗನ ಜಾಣತನದ ಒಂದು ವರ್ಣನೆ, ಇಷ್ಟು ಸಾಕಾಗುತ್ತದೆ. ಮಗು ಆ ಸಂಜೆ ಎರಡು ವಿಷಯಗಳನ್ನು ಕಲಿಯುತ್ತದೆ: ಏಳೆಂಟಲ ಐವತ್ತಾರು ಎಂಬುದು ಒಂದು, ಪುಸ್ತಕ ತೆರೆದೊಡನೆ ಅಮ್ಮನ ಮುಖ ಬೇರೆಯಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಅದು ವಾರದೊಳಗೆ ಮರೆತರೂ ಮರೆಯಬಹುದು, ಎರಡನೆಯದನ್ನು ಮರೆಯುವುದಿಲ್ಲ.

ಹಾಗಾದರೆ ಮನೆಯಲ್ಲಿ ಅಭ್ಯಾಸವೇ ಬೇಡವೆ? ಖಂಡಿತ ಬೇಕು. ಓದು, ಬರಹ, ಲೆಕ್ಕ ಈ ಮೂರೂ ಅಭ್ಯಾಸದಿಂದಲ್ಲದೆ ಕೈಗೆ ಹತ್ತುವ ವಿದ್ಯೆಗಳಲ್ಲ. ಆದರೆ ಅಭ್ಯಾಸಕ್ಕೆ ಪಾಠದ ವೇಷವೇ ಇರಬೇಕೆಂಬ ನಿಯಮವಿಲ್ಲ. ನಮ್ಮ ಮನೆಗಳ ಅಟ್ಟದಲ್ಲಿ ಧೂಳು ಹಿಡಿದು ಕುಳಿತಿರುವ ಅಳಗುಳಿಮಣೆಯನ್ನೇ ನೋಡಬಹುದು. ಏಳೇಳು ಕುಳಿಗಳ ಎರಡು ಸಾಲು. ಕುಳಿಗೆ ನಾಲ್ಕರಂತೆ ಹುಣಿಸೆಬೀಜ. ಎದುರುಬದುರಾದ ಒಂದು ಜೋಡಿ ಕುಳಿಯಲ್ಲಿ 8 ಬೀಜ. ಅಂತಹ ಜೋಡಿಗಳು 7. ಗದರಿಕೆಯಲ್ಲಿ ಮೈಗೆ ಹತ್ತದ ಏಳೆಂಟಲ ಐವತ್ತಾರು ಇಲ್ಲಿ ಕಣ್ಣೆದುರಿಗೆ ಹರಡಿಕೊಂಡಿದೆ! ಇನ್ನೊಂದು ದಿನ ಕುಳಿಗೆ ಐದರಂತೆ ತುಂಬಿ, 'ಡಬ್ಬಿಯಿಂದ ಎಷ್ಟು ಬೀಜ ತರಬೇಕು?' ಎಂದರೆ 70 ಎಂಬ ಉತ್ತರ ಹುಡುಕುವ ಕೆಲಸ ಮಗುವಿನ ಪಾಲಿಗೆ ಲೆಕ್ಕವಲ್ಲ, ಆಟದ ಸಿದ್ಧತೆ. ಬೀಜಗಳನ್ನು ಒಂದೊಂದಾಗಿ ಬಿತ್ತುತ್ತ ಹೋಗುವಾಗ ಯಾವ ಕುಳಿಯಿಂದ ಹೊರಟರೆ ಎಲ್ಲಿ ಮುಗಿಯುತ್ತದೆಂಬ ಮುಂದಾಲೋಚನೆಯೂ ತಾನಾಗಿ ಬೆಳೆಯುತ್ತದೆ.

ಚೌಕಾಬಾರದ ಗುಣವೂ ಇಂತಹದೇ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಳೆದ 25 ಮನೆಗಳು, ನಾಲ್ಕು ಕವಡೆಗಳು. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಎಣಿಕೆ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಚೌಕವೋ ಬಾರವೋ ಬಿದ್ದರೆ ಮತ್ತೊಮ್ಮೆ ಎಸೆಯುವ ಹಕ್ಕುಂಟು. 8ರ ಮೇಲೆ 3 ಬಿದ್ದರೆ ಎಷ್ಟಾಯಿತು? ತಂಗಿಯ ಕಾಯಿಯನ್ನು ಹೊಡೆಯಲು ಇನ್ನೆಷ್ಟು ಬೇಕು? ಕೂಡುವುದು ಕಳೆಯುವುದು ಎರಡೂ ಇಲ್ಲಿ ಮಗುವಿಗೆ ಜೀವನ್ಮರಣದ ಪ್ರಶ್ನೆಗಳಾಗುತ್ತವೆ. ತಪ್ಪಿ ಎಣಿಸಿದರೆ ತಂಗಿಯೇ ತಡೆಯುತ್ತಾಳೆ. ತಂದೆ ಬಾಯಿ ಹಾಕಬೇಕಾದ ಅಗತ್ಯವಿಲ್ಲ.

ಸ್ಥಾನಬೆಲೆಯನ್ನು ತಿಳಿಸುವುದಕ್ಕೆ ಕನ್ನಡ ಭಾಷೆಯೇ ನೆರವಾಗುತ್ತದೆ. 'ಇಪ್ಪತ್ತಮೂರು' ಎಂಬ ಮಾತಿನೊಳಗೆ ಇಪ್ಪತ್ತೂ ಇದೆ, ಮೂರೂ ಇದೆ. ಪೊರಕೆ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟುಗಳಾಗಿ ದಾರದಲ್ಲಿ ಕಟ್ಟಿಸಿ, ಎರಡು ಕಟ್ಟು ಮೂರು ಬಿಡಿ ಕಡ್ಡಿ ಇಡಿಸಿದರೆ ಕಿವಿಗೆ ಕೇಳಿದ್ದು ಕಣ್ಣಿಗೂ ಕಾಣುತ್ತದೆ. ಹದಿಮೂರರಿಂದ ಏಳನ್ನು ಕಳೆಯುವಾಗ 'ಹತ್ತಿರ ತೆಗೆದುಕೊಳ್ಳುವುದು' ಎಂಬ ಒಗಟು, ಕಟ್ಟೊಂದನ್ನು ಬಿಚ್ಚಿದ ಕ್ಷಣದಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ.

ಹಣದ ಲೆಕ್ಕಕ್ಕೆ ಮಾತ್ರ ಈ ಕಾಲದ ಮಗುವಿಗೆ ಒಂದು ಕೊರತೆ ಬಂದೊದಗಿದೆ. ಅಂಗಡಿಯಲ್ಲಿ ಹಿರಿಯರು ಮೊಬೈಲನ್ನು ತೋರಿಸಿ ಹೊರಟುಬಿಡುತ್ತಾರೆ. ಕೊಟ್ಟದ್ದೆಷ್ಟು, ಮರಳಿ ಬಂದದ್ದೆಷ್ಟು ಎಂಬುದು ಎಳೆಯ ಕಣ್ಣಿಗೆ ಬೀಳುವುದೇ ಇಲ್ಲ. ಆದುದರಿಂದ ಮನೆಯಲ್ಲೊಂದು ಅಂಗಡಿ ತೆರೆಯಬೇಕಾಗಿದೆ. ಬೇಳೆಯ ಡಬ್ಬಿ, ಸಾಬೂನು, ನಾಲ್ಕು ನಿಂಬೆಹಣ್ಣು ಸರಕು. 1, 2, 5 ಮತ್ತು 10 ರೂಪಾಯಿಯ ನಾಣ್ಯಗಳು ಬಂಡವಾಳ. ಮಗುವೇ ಸಾಹುಕಾರ, ಅಜ್ಜಿ ಗಿರಾಕಿ. ಅಜ್ಜಿ ಹತ್ತು ಕೊಟ್ಟು ಏಳರ ಸರಕು ಕೊಂಡು, ಚಿಲ್ಲರೆಗಾಗಿ ಕೈ ಚಾಚಿ ನಿಂತರೆ ಸಾಹುಕಾರನು ಮೂರು ರೂಪಾಯಿಯನ್ನು ಹುಡುಕಿಯೇ ತೀರುತ್ತಾನೆ.

ಇನ್ನು ಅಕ್ಷರಗಳ ವಿಷಯ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಯಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಮರುದಿನವೇ ಅಕ್ಕಿಯನ್ನು ಎತ್ತಿಟ್ಟು ಪೆನ್ಸಿಲು ಹಿಡಿಸುತ್ತೇವೆ. ಅಷ್ಟು ಅವಸರವೇಕೆ? 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಡಾಕ್ಟರ್ ಮರಿಯಾ ಮಾಂಟೆಸೊರಿ, ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುವಂತೆ ಮಾಡಿದರು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು ಈ ದೇಶದ ಶಿಕ್ಷಕರಿಗೂ ತಮ್ಮ ಕ್ರಮವನ್ನು ಕಲಿಸಿದರು. ಕಣ್ಣು ಗುರುತಿಸುವ ಆಕಾರವನ್ನು ಬೆರಳೂ ಅರಿಯಬೇಕು ಎಂಬುದು ಅದರ ತಿರುಳು. ಅಕ್ಕಿಯ ತಟ್ಟೆಯನ್ನು ಒಂದು ದಿನದ ಶಾಸ್ತ್ರಕ್ಕೆ ಮೀಸಲಿಡದೆ ಕೆಲವು ತಿಂಗಳು ಮುಂದುವರಿಸಿದರೆ ನಮ್ಮ ಮನೆಗೂ ಆ ಲಾಭ ಉಂಟು. ತಪ್ಪಾದರೆ ಅಳಿಸುವ ರಬ್ಬರೂ ಬೇಡ, ತಟ್ಟೆಯನ್ನೊಮ್ಮೆ ಅಲುಗಿಸಿದರಾಯಿತು. ಚುಕ್ಕಿ ರಂಗೋಲಿಯೂ ಹೀಗೆಯೇ. 1, 3, 5, 7, ಮತ್ತೆ 5, 3, 1 ಎಂದು ಸಾಲಾಗಿ ಇಟ್ಟ 25 ಚುಕ್ಕಿಗಳ ಸುತ್ತ ಎಳೆ ಬಳಸುವ ಕೈಗೆ ಕನ್ನಡದ ದುಂಡು ಅಕ್ಷರಗಳು ಅಪರಿಚಿತವಾಗಿ ಉಳಿಯುವುದಿಲ್ಲ.

ಕಾಗುಣಿತದಲ್ಲಿ ಹ್ರಸ್ವ ದೀರ್ಘಗಳ ಗೊಂದಲ ಸಾಮಾನ್ಯ. ಅದಕ್ಕೆ 'ತಂದುಕೊಡು' ಎಂಬ ಚೀಟಿಯಾಟ ಒಳ್ಳೆಯ ಮದ್ದು. ಚೀಟಿಯಲ್ಲಿ 'ಬಳೆ' ಎಂದಿದ್ದರೆ ಅಕ್ಕನ ಬಳೆ ತರಬೇಕು. 'ಬಾಳೆ' ಎಂದಿದ್ದರೆ ಹಣ್ಣು ತರಬೇಕು. 'ಬೆಳೆ' ಹೊಲದಲ್ಲಿದೆ, 'ಬೇಳೆ' ಡಬ್ಬಿಯಲ್ಲಿದೆ. ಒಂದು ಗೆರೆಯ ಅಂತರಕ್ಕೆ ಬಳೆಯ ಬದಲು ಬಾಳೆಹಣ್ಣು ಬಂದರೆ ಮನೆಯೆಲ್ಲ ನಗುತ್ತದೆ, ತಂದ ಮಗುವೂ ನಗುತ್ತದೆ. ಒತ್ತಕ್ಷರವನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ 'ಕತ್ತೆ' ಎಂಬುದನ್ನು 'ಕತೆ' ಎಂದು ಬರೆದು ತೋರಿಸಿದರೆ ಸಾಕು. ಅಂಗಳದಲ್ಲಿ ಕತೆ ಮೇಯುತ್ತಿದೆ ಎಂಬ ವಾಕ್ಯವನ್ನು ಯಾವ ಮಗು ಮರೆತೀತು?

ಊಟದ ಹೊತ್ತಿಗೆ ಪದಸರಪಳಿಯ ಆಟ ಒಳ್ಳೆಯದು. ಒಬ್ಬರ ಪದ ಮುಗಿದ ಅಕ್ಷರದಿಂದ ಇನ್ನೊಬ್ಬರ ಪದ ಹೊರಡಬೇಕು. 'ಕಮಲ' ಎಂದರೆ 'ಲವಣ'. ಮುಂದೆ? ಎಲ್ಲರೂ ಮೌನ! ಬಳಕೆಯ ಕನ್ನಡದಲ್ಲಿ ಣಕಾರದಿಂದ ಆರಂಭವಾಗುವ ಪದವೇ ಇಲ್ಲ. 'ಹವಳ' ಎಂದವನ ಮುಂದೆಯೂ ಹೀಗೆಯೇ ದಾರಿ ಮುಚ್ಚುತ್ತದೆ. ಭಾಷೆಯ ಈ ಗುಟ್ಟನ್ನು ಎಂಟು ವರ್ಷದ ಹುಡುಗಿಯೊಬ್ಬಳು ಅಪ್ಪನನ್ನು ಸೋಲಿಸುವ ಆಯುಧವಾಗಿ ಕಂಡುಕೊಂಡರೆ, ಮುಂದೆ ವ್ಯಾಕರಣದ ತರಗತಿಯಲ್ಲಿ ಅವಳಿಗೆ ಹಳೆಯ ಗೆಳೆಯನನ್ನು ಕಂಡಂತಾಗುತ್ತದೆ.

ಆಟದಿಂದ ಕಲಿಕೆ ಎಂಬುದು ಉಳ್ಳವರ ಮನೆಯ ವಿಲಾಸವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಮೊಳೆತ 'ನಲಿ-ಕಲಿ' ಕ್ರಮವು 2009-10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಅಲ್ಲಿ ಹಾಡು, ಆಟ, ಚಿತ್ರದ ಕಾರ್ಡುಗಳುಂಟು. ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನ ಹೆಜ್ಜೆಯಲ್ಲೇ ಏರುತ್ತದೆ. ಪಕ್ಕದವನು ಯಾವ ಮೆಟ್ಟಿಲಲ್ಲಿದ್ದಾನೆಂಬುದು ಮುಖ್ಯವಲ್ಲ. ಹಳ್ಳಿಯ ಶಾಲೆಗೆ ಸಾಧ್ಯವಾದ ಈ ಔದಾರ್ಯ ನಗರದ ಮನೆಗೆ ಅಸಾಧ್ಯವೆ?

ಆದರೆ ಒಂದು ಎಚ್ಚರಿಕೆ. ಮಕ್ಕಳು ಆಟದ ವಿಷಯದಲ್ಲಿ ಬಲು ಚುರುಕು. ಆಟದ ಹೆಸರಿನಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಎರಡನೆಯ ಸುತ್ತಿಗೇ ಅದನ್ನು ಪತ್ತೆಹಚ್ಚುತ್ತಾರೆ. ಕವಡೆ ಎಸೆಯುವ ನಡುವೆ ಆಟ ನಿಲ್ಲಿಸಿ, 'ಎಲ್ಲಿ, ಎಂಟರ ಮಗ್ಗಿ ಹೇಳು ನೋಡೋಣ' ಎಂದ ಗಳಿಗೆಗೇ ಆಟ ಸತ್ತಿತು. ಆಟ ಕೇಳುವ ಲೆಕ್ಕ ಬೇರೆ, ಅಪ್ಪ ಕೇಳುವ ಲೆಕ್ಕ ಬೇರೆ. ಮೊದಲನೆಯದಕ್ಕೆ ಉತ್ತರ ತಪ್ಪಿದರೆ ಕಾಯಿ ಹೋಗುತ್ತದೆ. ಎರಡನೆಯದಕ್ಕೆ ತಪ್ಪಿದರೆ ಮಾನ ಹೋಗುತ್ತದೆ. ಹೋದ ಕಾಯಿಯನ್ನು ಮರುಸುತ್ತಿನಲ್ಲಿ ಗೆಲ್ಲಬಹುದು. ಹಿರಿಯರು ನಿಜವಾಗಿ ಆಡಬೇಕು. ಸೋತಾಗ ನಿಜವಾಗಿ ಸೋಲಬೇಕು. ಮಗುವಿಗೆ ಲೆಕ್ಕ ತಡವಾದರೆ ಬೆರಳು ಮಡಿಸಿ ಎಣಿಸಲು ಬಿಡಬೇಕು.

ಇಷ್ಟಾದರೂ ಬಹುಕಾಲ ಅಕ್ಷರಗಳು ಅದಲುಬದಲಾಗುತ್ತಿದ್ದರೆ ಅದನ್ನು ಸೋಮಾರಿತನವೆಂದು ಹಳಿಯದೆ, ಶಿಕ್ಷಕರೊಡನೆ, ಅಗತ್ಯವಾದರೆ ತಜ್ಞರೊಡನೆ ವಿಚಾರಿಸುವುದು ವಿವೇಕ. ಬುದ್ಧಿವಂತ ಮಕ್ಕಳಿಗೂ ಓದಿನ ತೊಡಕು ಇರಬಹುದು. 'ದಡ್ಡ' ಎಂಬ ಒಂದು ಮಾತು ಆ ತೊಡಕಿಗಿಂತ ಹೆಚ್ಚಿನ ಕೇಡು ಮಾಡಬಲ್ಲದು.

ಇದಕ್ಕೆಲ್ಲ ಬಿಡುವೆಲ್ಲಿ ಎಂದು ಕೇಳುವವರು ಗಾಬರಿಯಾಗಬೇಕಾಗಿಲ್ಲ. ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯಲ್ಲಿ ದೂರದರ್ಶನ ಮೌನವಾಗಿರಲಿ, ಮೊಬೈಲು ಬೇರೆ ಕೋಣೆಯಲ್ಲಿರಲಿ. ಮಗು 'ಇನ್ನೊಂದೇ ಒಂದು ಆಟ' ಎಂದು ಗೋಗರೆಯುವಾಗಲೇ ಮಣೆಯನ್ನು ಮಡಿಸಿಡುವುದು ಜಾಣತನ. ಉಳಿದ ಆ ಒಂದು ಆಟದ ಆಸೆಯೇ ಮರುದಿನ ಸಂಜೆ ಬೀಜದ ಡಬ್ಬಿಯನ್ನು ತಾನಾಗಿ ತರಿಸುತ್ತದೆ.