ವಿಧಾನಸೌಧದಲ್ಲೇ ನಿಂತ ಅಧಿಕಾರ

2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿಗಳು ತಮ್ಮ ಸಚಿವರೊಡನೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಸಿದರು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಹದಿನೈದನೇ ಹಣಕಾಸು ಆಯೋಗವು ಶೇ. 4.71ರಿಂದ ಶೇ. 3.65ಕ್ಕೆ ಇಳಿಸಿದ್ದು ಅನ್ಯಾಯವೆಂಬುದು ಅವರ ದೂರು. ಆ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಅದೇ ದಿನ ಇತ್ತ ನಮ್ಮ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಲ್ಲಿ ಜನರು ಆರಿಸಿದ ಸದಸ್ಯರೊಬ್ಬರೂ ಇರಲಿಲ್ಲ.

2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ತೀರಿತ್ತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ವಿಧಿಸುತ್ತದೆ. ಆಗಲಿಲ್ಲ. ಕ್ಷೇತ್ರ ವಿಂಗಡಣೆಯ ಹೊಣೆಯನ್ನು ಅದೇ ವರ್ಷ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು, ಸರಕಾರ ನೇಮಿಸುವ ಪ್ರತ್ಯೇಕ ಆಯೋಗಕ್ಕೆ ವಹಿಸಲಾಯಿತು. ಬಳಿಕ ಮೀಸಲಾತಿಯ ತೊಡಕು, ನ್ಯಾಯಾಲಯದ ವಾಯಿದೆಗಳು. 2023ರಲ್ಲಿ ಆಳುವ ಪಕ್ಷ ಬದಲಾಯಿತು. ಆಡಳಿತಾಧಿಕಾರಿಗಳು ಮಾತ್ರ ಕುರ್ಚಿಯಲ್ಲೇ ಉಳಿದರು.

ದೇಶಕ್ಕೇ ದಾರಿ ತೋರಿದ ರಾಜ್ಯ ನಮ್ಮದು ಎಂಬುದನ್ನು ನೆನೆದಾಗ ವ್ಯಥೆಯಾಗುತ್ತದೆ. ಸಚಿವ ಅಬ್ದುಲ್ ನಜೀರ್ ಸಾಬರ ಪರಿಶ್ರಮದಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆಗಳು ನಡೆದಾಗ ನಾಲ್ಕರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ.

ಚಿಕ್ಕ ಸಮುದಾಯವು ತಾನೇ ನಿರ್ವಹಿಸಬಲ್ಲ ಕಾರ್ಯವನ್ನು ದೊಡ್ಡ ವ್ಯವಸ್ಥೆಯು ಕಸಿದುಕೊಳ್ಳುವುದು ಅನ್ಯಾಯವೆಂದು ಪೋಪ್ ಹನ್ನೊಂದನೇ ಪಿಯುಸರು 1931ರ ತಮ್ಮ ಪರಿಪತ್ರದಲ್ಲಿ ಬೋಧಿಸಿದ್ದರು. ದೆಹಲಿಗೆ ಸಲ್ಲುವ ಈ ಮಾತು ಬೆಂಗಳೂರಿಗೂ ಸಲ್ಲುತ್ತದೆ.

ಹಳ್ಳಿಗಳ ಕುಡಿಯುವ ನೀರು, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯತ್‌ಗೆ ಸೇರಿದ ವಿಷಯಗಳು. ಅಲ್ಲಿ ಸದಸ್ಯರಿಲ್ಲದಿದ್ದರೆ ಜನರು ಶಾಸಕರ ಮನೆಯ ಜಗಲಿಯಲ್ಲಿ ಕಾಯಬೇಕು. ಶಾಸಕರಿಗೆ ಇದು ಅಪ್ರಿಯವಲ್ಲವೆಂಬುದು ನಮ್ಮ ಶಂಕೆ; ಚುನಾವಣೆ ಮುಂದೆ ಹೋದಾಗ ಯಾವ ಪಕ್ಷದ ಶಾಸಕರೂ ಧರಣಿ ಕುಳಿತದ್ದನ್ನು ನಾವು ಕಾಣಲಿಲ್ಲ.

ನಾವಾದರೂ ನಿರ್ದೋಷಿಗಳೇ? ಇಗರ್ಜಿಯ ರಸ್ತೆಗೆ ಡಾಮರು ಬೇಕಾದಾಗ ನಾವು ಮನವಿ ಹಿಡಿದು ನೇರವಾಗಿ ಹೋದದ್ದು ಶಾಸಕರ ಬಳಿಗೇ. ಗ್ರಾಮಸಭೆ ನಡೆದ ದಿನ ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿದ್ದೆವು.